ಅಂಚೆ ಕಾರ್ಡಿನಿಂದ ವಾಟ್ಸಾಪಿನವರೆಗೆ: ಹೊಲಕ್ಕೆ ಸುದ್ದಿ ಬಂದ ದಾರಿ

ಬೇಸಾಯಕ್ಕೆ ಬೀಜ, ಗೊಬ್ಬರ, ನೀರು ಎಷ್ಟು ಅಗತ್ಯವೋ ಸುದ್ದಿಯೂ ಅಷ್ಟೇ ಅಗತ್ಯ. ಬೆಳೆದ ಮಾಲನ್ನು ಯಾವ ದಿನ, ಯಾವ ಪೇಟೆಗೆ ಒಯ್ಯಬೇಕು, ನೆರೆಯ ಜಿಲ್ಲೆಯಲ್ಲಿ ಯಾವ ರೋಗ ಕಾಣಿಸಿಕೊಂಡಿದೆ, ಮಳೆ ಎಂದು ಬರಬಹುದು ಎಂಬುದು ಸಕಾಲದಲ್ಲಿ ತಿಳಿಯದಿದ್ದರೆ ಚೆನ್ನಾಗಿ ಬೆಳೆದವನೂ ಕೈ ಸುಟ್ಟುಕೊಳ್ಳುತ್ತಾನೆ. ಸುಳ್ಳು ಸುದ್ದಿಯನ್ನು ನಂಬಿದರೂ ಅಷ್ಟೇ ನಷ್ಟ.

ಕೋಲಾರ ತಾಲ್ಲೂಕಿನ ಹುತ್ತೂರು ಹೋಬಳಿಯ ಟೊಮೆಟೊ ಬೆಳೆಗಾರನು ಇಂದು ಹಣ್ಣು ಬಿಡಿಸುತ್ತಿರುವಾಗಲೇ ಕೋಲಾರದ ಮಾರುಕಟ್ಟೆ ಪ್ರಾಂಗಣದಲ್ಲಿ ಬೆಳಗಿನ ಹರಾಜು ಎಷ್ಟಕ್ಕೆ ನಿಂತಿತೆಂಬುದನ್ನು ಮೊಬೈಲಿನಲ್ಲಿ ನೋಡುತ್ತಾನೆ. ಆಂಧ್ರದ ಮದನಪಲ್ಲಿಯ ಧಾರಣೆ, ಮಹಾರಾಷ್ಟ್ರದ ನಾಸಿಕ್ ಕಡೆಯ ಆವಕ ಇವೂ ಅದೇ ಮೊಬೈಲಿಗೆ ಬರುತ್ತವೆ. ಗಡಿ ಜಿಲ್ಲೆಯಾದುದರಿಂದ ಇಲ್ಲಿನವರಿಗೆ ತೆಲುಗು ಸಂದೇಶವೂ ಕನ್ನಡದಷ್ಟೇ ಸಲೀಸು. ಐವತ್ತು ವರ್ಷಗಳ ಹಿಂದೆ ಈ ಸುದ್ದಿಗಾಗಿ ಒಂದೆರಡು ದಿನ ಕಾಯಬೇಕಿತ್ತು. ಈ ನಡುವೆ ಏನೇನು ಬದಲಾಯಿತು, ಬದಲಾವಣೆಯಲ್ಲಿ ರೈತನಿಗೆ ಬಂದದ್ದೇನು, ಕಳೆದುಹೋದದ್ದೇನು ಎಂಬುದನ್ನು ತಿಳಿಯುವುದು ಮೊಬೈಲ್ ಹಿಡಿದ ಪ್ರತಿಯೊಬ್ಬ ಬೇಸಾಯಗಾರನಿಗೂ ಉಪಯುಕ್ತ.

ಸುದ್ದಿಗೆ ಜವಾಬುದಾರರಿದ್ದ ಕಾಲ

ಹಿಂದೆ ಪೇಟೆಯ ಧಾರಣೆ ಹಳ್ಳಿಗೆ ಬರುತ್ತಿದ್ದುದು ಮೂರು ನಾಲ್ಕು ದಾರಿಗಳಲ್ಲಿ. ಮಂಡಿಯವರು ಬರೆದ ಅಂಚೆ ಕಾರ್ಡು, ಹಿಂದಿನ ದಿನ ಮಾಲು ಹಾಕಿ ಬಂದ ನೆರೆಯವನ ಮಾತು, ಬಸ್ಸಿನ ಕಂಡಕ್ಟರನ ಕೈಲಿ ಬಂದ ಚೀಟಿ, ಮತ್ತು ಆಕಾಶವಾಣಿಯ ಕೃಷಿ ಕಾರ್ಯಕ್ರಮದಲ್ಲಿ ಓದುತ್ತಿದ್ದ ಪೇಟೆ ಧಾರಣೆ. ಇವೆಲ್ಲವೂ ನಿಧಾನ. ಕಾರ್ಡು ಕೈಸೇರುವ ಹೊತ್ತಿಗೆ ಧಾರಣೆ ಏರಿಯೋ ಇಳಿದೋ ಇರುತ್ತಿತ್ತು. ಮಂಡಿಯವನು ಹೇಳಿದ ಬೆಲೆಯೇ ಬೆಲೆ ಎಂದು ಒಪ್ಪಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಆ ಕಾಲವನ್ನು ಹೊಗಳುವಂತಹ ಕಾರಣವೇನೂ ಇಲ್ಲ. ಆದರೆ ಒಂದು ಗುಣವನ್ನು ಮಾತ್ರ ಒಪ್ಪಬೇಕು. ಪ್ರತಿ ಸುದ್ದಿಯ ಹಿಂದೆಯೂ ಹೆಸರುಳ್ಳ ಒಬ್ಬ ಮನುಷ್ಯನೋ ಸಂಸ್ಥೆಯೋ ಇರುತ್ತಿತ್ತು. ಕಾರ್ಡಿನಲ್ಲಿ ಸಹಿ ಇತ್ತು. ನೆರೆಯವನು ಸುಳ್ಳು ಹೇಳಿದರೆ ಮರುದಿನ ಅರಳಿಕಟ್ಟೆಯಲ್ಲಿ ಸಿಗುತ್ತಿದ್ದ.

ದೂರವಾಣಿಯು ಈ ನಿಧಾನವನ್ನು ಮೊದಲು ಮುರಿಯಿತು. ಟ್ರಂಕ್ ಕಾಲ್ ಹಚ್ಚಿ ಗಂಟೆಗಟ್ಟಲೆ ಕಾಯುತ್ತಿದ್ದ ದಿನಗಳಲ್ಲಿ ಅದು ಹಳ್ಳಿಯ ವಸ್ತುವಾಗಿರಲಿಲ್ಲ. 1984ರಲ್ಲಿ ಕೇಂದ್ರ ಸರ್ಕಾರವು ಸ್ಥಾಪಿಸಿದ ಸಿ-ಡಾಟ್ ಸಂಸ್ಥೆಯು ಧೂಳು, ಸೆಕೆಗಳನ್ನು ತಡೆದುಕೊಳ್ಳುವ, ಹವಾನಿಯಂತ್ರಣ ಬೇಡದ ಸಣ್ಣ ಗ್ರಾಮೀಣ ವಿನಿಮಯ ಕೇಂದ್ರವೊಂದನ್ನು ರೂಪಿಸಿತು. ಅಂತಹ ಮೊದಲನೆಯ ಕೇಂದ್ರವು 1986ರಲ್ಲಿ ಸ್ಥಾಪನೆಯಾದದ್ದು ನಮ್ಮ ರಾಜ್ಯದ ಕಿತ್ತೂರಿನಲ್ಲಿ. ಅದರ ಹಿಂದೆಯೇ ಹಳದಿ ಬೋರ್ಡಿನ ಎಸ್.ಟಿ.ಡಿ. ಅಂಗಡಿಗಳು ಹೋಬಳಿ ಕೇಂದ್ರಗಳವರೆಗೂ ಬಂದವು. ಮೀಟರಿನ ಕೆಂಪು ಅಂಕಿಗಳು ಓಡುವುದನ್ನು ನೋಡುತ್ತಾ ಬೆಂಗಳೂರಿನ ಮಂಡಿಗೆ ಅವಸರವಾಗಿ ಮಾತಾಡಿದವರು ಇಂದಿಗೂ ಪ್ರತಿ ಊರಿನಲ್ಲಿದ್ದಾರೆ.

ಯಂತ್ರಗಳು ಮಾತನಾಡಿದ ಬಗೆ

ಇದೇ ಹೊತ್ತಿನಲ್ಲಿ ಬೇರೊಂದು ದಾರಿಯು ದೂರದಲ್ಲಿ ತೆರೆದುಕೊಳ್ಳುತ್ತಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1969ರ ಅಕ್ಟೋಬರ್ 29ರಂದು ಒಂದು ವಿಶ್ವವಿದ್ಯಾನಿಲಯದ ಗಣಕಯಂತ್ರದಿಂದ ನೂರಾರು ಮೈಲಿ ದೂರದ ಇನ್ನೊಂದು ಗಣಕಯಂತ್ರಕ್ಕೆ ತಂತಿಯ ಮೂಲಕ ಒಂದು ಪದವನ್ನು ಕಳುಹಿಸಲು ಯತ್ನಿಸಲಾಯಿತು. ಎರಡು ಅಕ್ಷರ ಹೋಗುವಷ್ಟರಲ್ಲಿ ಯಂತ್ರ ಕೆಟ್ಟು ನಿಂತಿತು. ಇಂದಿನ ಅಂತರಜಾಲದ ಮೊದಲ ಸಂದೇಶವೇ ಅದು. 1971ರಲ್ಲಿ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರ್ ಒಂದು ಯಂತ್ರದವನು ಮತ್ತೊಂದು ಯಂತ್ರದವನಿಗೆ ಪತ್ರ ಕಳುಹಿಸುವ ಏರ್ಪಾಡು ಮಾಡಿದ. ಇಂದು ಇ-ಮೇಲ್ ವಿಳಾಸದ ನಡುವೆ ಕಾಣುವ ಸುರುಳಿ ಗುರುತನ್ನು ಆರಿಸಿದವನೂ ಅವನೇ.

ಪತ್ರವೆಂದರೆ ಒಬ್ಬರು ಒಬ್ಬರಿಗೆ ಬರೆಯುವುದು. ಒಬ್ಬರು ಬರೆದದ್ದನ್ನು ಊರೆಲ್ಲ ಓದುವ ಏರ್ಪಾಡು ಬಂದದ್ದು 1978ರ ಫೆಬ್ರವರಿಯಲ್ಲಿ. ಷಿಕಾಗೋ ನಗರದಲ್ಲಿ ಭಾರಿ ಹಿಮ ಬಿದ್ದು ಜನ ಮನೆಯಲ್ಲೇ ಉಳಿದಾಗ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸುಯೆಸ್ ಎಂಬ ಇಬ್ಬರು ಹವ್ಯಾಸಿಗಳು ಒಂದು ಗಣಕಯಂತ್ರವನ್ನು ದೂರವಾಣಿ ತಂತಿಗೆ ಜೋಡಿಸಿದರು. ಯಾರು ಬೇಕಾದರೂ ಅದಕ್ಕೆ ಫೋನ್ ಹಚ್ಚಿ ತಮ್ಮ ಮಾತನ್ನು ಬರೆದಿಟ್ಟು, ಬೇರೆಯವರು ಬರೆದುದನ್ನು ಓದಬಹುದಿತ್ತು. ನಮ್ಮ ಹಾಲಿನ ಡೇರಿಯ ಗೋಡೆಯ ಮೇಲಿನ ಸೂಚನಾ ಫಲಕದ ಹಾಗೆ. ತಂತಿ ಒಂದೇ ಆದುದರಿಂದ ಒಮ್ಮೆಗೆ ಒಬ್ಬರೇ ಓದಬೇಕು, ಉಳಿದವರು ಕಾಯಬೇಕು. ಮರುವರ್ಷ ಅಲ್ಲಿನ ಡ್ಯೂಕ್ ವಿಶ್ವವಿದ್ಯಾನಿಲಯದ ಇಬ್ಬರು ವಿದ್ಯಾರ್ಥಿಗಳು ಇಂತಹ ಹಲವು ಫಲಕಗಳು ತಮ್ಮೊಳಗೆ ಬರಹಗಳನ್ನು ಹಂಚಿಕೊಳ್ಳುವ ಏರ್ಪಾಡೊಂದನ್ನು ಯೋಚಿಸಿದರು. ಒಬ್ಬ ಪ್ರಶ್ನೆ ಹಾಕಿದರೆ ಮುಖ ನೋಡದವನು ಉತ್ತರ ಬರೆಯುತ್ತಿದ್ದ. ಇಂದಿನ ವಾಟ್ಸಾಪ್ ಗುಂಪಿನ ಗುಣವೂ ದೋಷವೂ ಅಂದೇ ಅದರಲ್ಲಿದ್ದವು.

ಭಾರತದಲ್ಲಿ 1980ರ ದಶಕದಲ್ಲಿ ವಿದ್ಯಾಸಂಸ್ಥೆಗಳನ್ನು ಜೋಡಿಸುವ ಜಾಲವೂ, ಜಿಲ್ಲಾ ಕೇಂದ್ರಗಳನ್ನು ಉಪಗ್ರಹದ ಮೂಲಕ ಜೋಡಿಸುವ ಸರ್ಕಾರದ ಜಾಲವೂ ಆರಂಭವಾದವು. ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಿಂದ. 2000ದಲ್ಲಿ ಕೇಂದ್ರ ಸರ್ಕಾರವು ದೇಶದ ಕೃಷಿ ಮಾರುಕಟ್ಟೆಗಳ ಧಾರಣೆ ಮತ್ತು ಆವಕಗಳನ್ನು ಒಂದೆಡೆ ಸೇರಿಸುವ ಆಗ್‌ಮಾರ್ಕ್‌ನೆಟ್ ಯೋಜನೆಯನ್ನು ಆರಂಭಿಸಿತು. ಉದ್ದೇಶ ಒಳ್ಳೆಯದೇ. ಆದರೆ ಅದನ್ನು ನೋಡಲು ಗಣಕಯಂತ್ರ, ದೂರವಾಣಿ, ವಿದ್ಯುತ್ತು, ಜೊತೆಗೆ ಇಂಗ್ಲಿಷು ಬೇಕಿತ್ತು. ಹುತ್ತೂರಿನಂತಹ ಹೋಬಳಿಯಲ್ಲಿ ಈ ನಾಲ್ಕೂ ಒಟ್ಟಿಗೆ ಸಿಗುವುದು ಅಪರೂಪ.

ಕಿಸೆಯಲ್ಲಿ ಬಂದ ದೂರವಾಣಿ

ಗಣಕಯಂತ್ರವು ಮಾಡಲಾಗದ ಕೆಲಸವನ್ನು ಮೊಬೈಲ್ ಮಾಡಿತು. ದೇಶದಲ್ಲಿ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ನಡೆಯಿತಾದರೂ ಬಹುಕಾಲ ಬರುವ ಕರೆಗೂ ಹಣ ಕೊಡಬೇಕಾಗಿತ್ತು. 2003ರ ಮೇ ತಿಂಗಳಿನಿಂದ ಕರೆ ಮಾಡಿದವರೇ ಹಣ ತೆರುವ ಪದ್ಧತಿ ಬಂದ ಮೇಲೆ ಅದು ಹಳ್ಳಿಗಳಿಗೆ ವೇಗವಾಗಿ ಹರಡಿತು.

ಇದರಿಂದ ಉತ್ಪಾದಕನಿಗೆ ನಿಜಕ್ಕೂ ಲಾಭವಾಯಿತೇ ಎಂಬ ಪ್ರಶ್ನೆಗೆ ನಮ್ಮ ನೆರೆಯಲ್ಲೇ ಒಳ್ಳೆಯ ಉತ್ತರವಿದೆ. ಕಾಸರಗೋಡು, ಕಣ್ಣೂರು, ಕೋಳಿಕ್ಕೋಡು ಜಿಲ್ಲೆಗಳ ಕಡಲ ತೀರದಲ್ಲಿ ಬೂತಾಯಿ ಮೀನು ಹಿಡಿಯುವ ಬೆಸ್ತರನ್ನು ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು 1996ರಿಂದ 2001ರವರೆಗೆ ಗಮನಿಸಿ, ಕಂಡದ್ದನ್ನು 2007ರಲ್ಲಿ ಪ್ರಕಟಿಸಿದರು. ಮೊಬೈಲ್ ಬರುವ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನನ್ನು ಸುರಿದು ಹೋಗುತ್ತಿದ್ದರೆ, ಕೆಲವೇ ಮೈಲಿಗಳಾಚೆಯ ದಡದಲ್ಲಿ ಮೀನು ಸಿಗದೆ ವ್ಯಾಪಾರಿಗಳು ಬರಿಗೈಯಲ್ಲಿ ಮರಳುತ್ತಿದ್ದರು. ಹಿಡಿದ ಮೀನಿನಲ್ಲಿ ಶೇಕಡಾ 5ರಿಂದ 8ರಷ್ಟು ಹೀಗೆ ಹಾಳಾಗುತ್ತಿತ್ತು. ದೋಣಿಯಿಂದಲೇ ಫೋನ್ ಮಾಡಿ ದಡವನ್ನು ಆರಿಸಿಕೊಳ್ಳುವಂತಾದ ಮೇಲೆ ಈ ನಷ್ಟವು ಬಹುಮಟ್ಟಿಗೆ ನಿಂತಿತು. ಬೆಸ್ತರ ಲಾಭ ಸುಮಾರು ಶೇಕಡಾ 8ರಷ್ಟು ಹೆಚ್ಚಿತು. ಕೊಳ್ಳುವವರಿಗೂ ಬೆಲೆ ಸುಮಾರು ಶೇಕಡಾ 4ರಷ್ಟು ಇಳಿಯಿತು. ಟೊಮೆಟೊ ಕೂಡ ಮೀನಿನ ಹಾಗೆ ಬೇಗ ಕೆಡುವ ಮಾಲಾದುದರಿಂದ ಕೋಲಾರದ ಬೆಳೆಗಾರರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಇಲ್ಲಿ ಒಂದಂಶವನ್ನು ಗಮನಿಸಬೇಕು. ಆ ಬೆಸ್ತರು ಮಾತನಾಡಿದ್ದು ಮೀನು ಕೊಳ್ಳುವ ವ್ಯಾಪಾರಿಯೊಂದಿಗೇ. ಬೆಲೆ ಹೇಳಿದವನೇ ಆ ಬೆಲೆಗೆ ಕೊಳ್ಳಬೇಕಾದವನು.

ಎಲ್ಲರೂ ಎಲ್ಲರಿಗೂ

2004ರಲ್ಲಿ ಆರ್ಕುಟ್ ಮತ್ತು ಫೇಸ್‌ಬುಕ್, 2005ರಲ್ಲಿ ಯೂಟ್ಯೂಬ್, 2009ರಲ್ಲಿ ವಾಟ್ಸಾಪ್ ಬಂದವು. ಇವುಗಳಲ್ಲಿ ಆರ್ಕುಟ್ 2014ರಲ್ಲಿ ಮುಚ್ಚಿಹೋಯಿತು. ಹಳ್ಳಿಯ ಮಟ್ಟಿಗೆ ಮುಖ್ಯವಾದದ್ದು ಕಡೆಯ ಎರಡೇ. ಕನ್ನಡ ಅಕ್ಷರಗಳು ಎಲ್ಲ ಮೊಬೈಲುಗಳಲ್ಲಿ ಸರಿಯಾಗಿ ಮೂಡಲು ಬಹಳ ವರ್ಷ ಹಿಡಿಯಿತು. ಅಲ್ಲಿಯವರೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಕಷ್ಟಪಟ್ಟು ಓದಬೇಕಿತ್ತು. 2013ರಲ್ಲಿ ವಾಟ್ಸಾಪಿನಲ್ಲಿ ಮಾತನ್ನೇ ಮುದ್ರಿಸಿ ಕಳುಹಿಸುವ ಸೌಲಭ್ಯ ಬಂದಾಗ ಓದುಬರಹ ಬಾರದವರಿಗೂ ದಾರಿ ತೆರೆಯಿತು. 2016ರ ಸೆಪ್ಟೆಂಬರಿನ ನಂತರ ಡೇಟಾ ಅಗ್ಗವಾಗಿ ವೀಡಿಯೋಗಳೂ ಬಂದವು. ಇಂದು ಟೊಮೆಟೊ, ಮಾವು, ರೇಷ್ಮೆ, ಹೈನುಗಾರಿಕೆ ಒಂದೊಂದಕ್ಕೂ ಗುಂಪುಗಳಿವೆ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಕಂಡ ಜಿಗಿಹುಳುವಿನ ವೀಡಿಯೋ ಅರ್ಧ ಗಂಟೆಯಲ್ಲಿ ಮುಳಬಾಗಿಲು, ಮಾಲೂರುಗಳನ್ನು ಮುಟ್ಟಬಲ್ಲದು.

ಇಷ್ಟು ವೇಗ ಬಂದರೂ ಒಂದು ವಸ್ತು ಬಿಟ್ಟುಹೋಯಿತು. ಅಂಚೆ ಕಾರ್ಡಿನಲ್ಲಿದ್ದ ಸಹಿ ಮುಂದೂಡಿದ ಸಂದೇಶದಲ್ಲಿ ಇರುವುದಿಲ್ಲ. ಕಳುಹಿಸಿದವನು ಪರಿಚಿತನೇ. ಬರೆದವನು ಯಾರೆಂದು ಅವನಿಗೂ ತಿಳಿಯದು. ಪರಿಚಿತನ ಮೇಲಿನ ನಂಬಿಕೆ ಅಪರಿಚಿತನ ಮಾತಿಗೆ ಅಂಟಿಕೊಂಡು ಬರುತ್ತದೆ.

ಇದರ ಬೆಲೆಯನ್ನು ಕೋಲಾರ ಜಿಲ್ಲೆ ಒಮ್ಮೆ ತೆತ್ತಿದೆ. 2020ರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಕೋಳಿ ಮಾಂಸದಿಂದ ಕೊರೋನಾ ಹರಡುತ್ತದೆಂಬ ಸಂದೇಶವು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಕೋಳಿಗಳಿಂದ ಈ ರೋಗ ಹರಡಿದ್ದಕ್ಕೆ ಆಧಾರವಿಲ್ಲವೆಂದು ಕೇಂದ್ರದ ಪಶುಸಂಗೋಪನಾ ಇಲಾಖೆಯು ಫೆಬ್ರವರಿಯಲ್ಲೇ ತಿಳಿಸಿತ್ತು. ಆದರೆ ಆ ತಿಳಿವಳಿಕೆ ನಡೆದುಕೊಂಡು ಬಂತು, ಸುಳ್ಳು ಓಡಿ ಬಂದಿತ್ತು. ಮಾಂಸ ಕೊಳ್ಳುವವರಿಲ್ಲದೆ ಧಾರಣೆ ಕುಸಿದು, ಆಹಾರದ ಖರ್ಚೂ ಹುಟ್ಟದಂತಾಯಿತು. ಮಾರ್ಚ್ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಗೋಕಾಕದ ಕಡೆ ಒಬ್ಬರು, ನಮ್ಮ ಬಂಗಾರಪೇಟೆ ತಾಲ್ಲೂಕಿನಲ್ಲಿ ಒಬ್ಬರು, ಸಾಕಿದ ಸಾವಿರಾರು ಕೋಳಿಗಳನ್ನು ಗುಂಡಿ ತೆಗೆದು ಜೀವಂತ ಹೂಳಿದರು. ಆ ಕೋಳಿಗಳಿಗೆ ಯಾವ ರೋಗವೂ ಬಂದಿರಲಿಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಸರದಿ ಟೊಮೆಟೊವಿಗೆ ಬಂತು. ಮಹಾರಾಷ್ಟ್ರದ ತೋಟಗಳಲ್ಲಿ ಹಣ್ಣಿನ ಬಣ್ಣ ಕೆಟ್ಟು ಮಚ್ಚೆ ಬೀಳತೊಡಗಿದಾಗ, ಇದು ಕೊರೋನಾಗಿಂತ ಕೆಟ್ಟ ವೈರಸ್ಸು, ತಿಂದವರಿಗೂ ಬರುತ್ತದೆಂದು ಸುದ್ದಿ ಹಬ್ಬಿ ಬೆಳೆಗಾರರು ಕಂಗಾಲಾದರು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಮಾದರಿಗಳನ್ನು ಪರೀಕ್ಷಿಸಿದಾಗ ಮುಖ್ಯವಾಗಿ ಕಂಡುಬಂದದ್ದು ಸೌತೆಯ ಮೊಸಾಯಿಕ್ ನಂಜುರೋಗ. ಇದು ಗಿಡಹೇನುಗಳಿಂದ ಹರಡುವ, ಬಹುಕಾಲದಿಂದ ಪರಿಚಿತವಾದ ರೋಗ. ಸಸ್ಯಗಳ ನಂಜು ಮನುಷ್ಯರಿಗೆ ರೋಗ ತರುವುದಿಲ್ಲ.

2018ರಲ್ಲಿ ಮಕ್ಕಳ ಕಳ್ಳರ ಬಗೆಗಿನ ಸುಳ್ಳು ಸಂದೇಶಗಳಿಂದ ಬೆಂಗಳೂರು ಮತ್ತು ಬೀದರ್ ಜಿಲ್ಲೆಗಳಲ್ಲಿ ನಿರಪರಾಧಿಗಳ ಕೊಲೆಯೇ ನಡೆದ ವರ್ಷ, ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಮುಂದೂಡದಂತೆ ಮಿತಿ ಹಾಕಿತು. ಬಹಳ ಕೈ ದಾಟಿ ಬಂದ ಸಂದೇಶದ ಮೇಲೆ ಎರಡು ಬಾಣದ ಗುರುತು ಕಾಣುತ್ತದೆ. 2020ರ ಏಪ್ರಿಲ್‌ನಿಂದ ಅಂತಹದನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದು. ಎರಡು ಬಾಣ ಕಂಡರೆ ಅದು ಸುಳ್ಳೆಂದೇ ಅರ್ಥವಲ್ಲ. ಕಳುಹಿಸಿದವನು ಬರೆದದ್ದಲ್ಲ ಎಂಬುದಂತೂ ಖಚಿತ.

ಧಾರಣೆಯ ಸಂದೇಶವನ್ನು ಓದುವ ಬಗೆ

ಸುಳ್ಳು ಸುದ್ದಿಗಿಂತಲೂ ಹೆಚ್ಚು ಹಾನಿ ಮಾಡುವುದು ಅರ್ಧ ನಿಜವಾದ ಸುದ್ದಿ. "ಕೋಲಾರ ಇಂದು 600" ಎಂಬ ಸಂದೇಶ ಬಂದರೆ ಅದು ಆ ದಿನ ಯಾವುದೋ ಒಂದು ಒಳ್ಳೆಯ ಲಾಟಿಗೆ ಸಿಕ್ಕ ಗರಿಷ್ಠ ಬೆಲೆ ಇರಬಹುದು. ಮಾರುಕಟ್ಟೆ ಇಲಾಖೆಯ ಅಂಕಿಗಳಲ್ಲಿ ಕನಿಷ್ಠ, ಗರಿಷ್ಠ ಮತ್ತು ಹೆಚ್ಚು ಮಾಲು ಮಾರಾಟವಾದ ಬೆಲೆ ಎಂದು ಮೂರು ಇರುತ್ತವೆ. ರೈತನಿಗೆ ಬೇಕಾದದ್ದು ಮೂರನೆಯದು. ತೂಕವನ್ನೂ ನೋಡಬೇಕು. ಕೋಲಾರದಲ್ಲಿ ಬಾಕ್ಸ್ ಎಂದರೆ 15 ಕಿಲೋ. ಬಾಕ್ಸಿಗೆ 300 ರೂಪಾಯಿ ಎಂದರೆ ಕಿಲೋಗೆ 20, ಕ್ವಿಂಟಾಲಿಗೆ 2,000 ರೂಪಾಯಿ. ಬೇರೆ ಪೇಟೆಯಲ್ಲಿ 25 ಕಿಲೋ ಕ್ರೇಟಿಗೆ 400 ಎಂದು ಬಂದರೆ ಕಿವಿಗೆ ಹೆಚ್ಚೆನಿಸುತ್ತದೆ. ಲೆಕ್ಕ ಹಾಕಿದರೆ ಕಿಲೋಗೆ 16 ರೂಪಾಯಿ ಮಾತ್ರ. ಸಾಗಣೆ ಖರ್ಚು ಬೇರೆ.

ಇದಕ್ಕಿಂತ ಮುಖ್ಯವಾದ ಅಂಶವೆಂದರೆ, ಇಂದಿನ ಧಾರಣೆಯ ಸುದ್ದಿ ಇಂದು ಕೊಯ್ದ ಹಣ್ಣನ್ನು ಮಾರಲು ಉಪಯುಕ್ತವೇ ಹೊರತು ಸಸಿ ನೆಡುವ ತೀರ್ಮಾನಕ್ಕಲ್ಲ. ನಾಟಿ ಮಾಡಿದ ಟೊಮೆಟೊ ಮೊದಲ ಕೊಯ್ಲಿಗೆ ಬರಲು ಎರಡರಿಂದ ಎರಡೂವರೆ ತಿಂಗಳು ಬೇಕು. 2023ರಲ್ಲಿ ನಡೆದುದನ್ನು ಕೋಲಾರದವರು ಮರೆತಿರಲಾರರು. ಆ ಬೇಸಿಗೆಯಲ್ಲಿ ಧಾರಣೆ ಇಳಿದಿತ್ತು. ಆಮೇಲೆ ಎಲೆ ಮುಟುರು ನಂಜುರೋಗದಿಂದಲೂ ಮಾಲು ಕಡಿಮೆಯಾಗಿ, ಜುಲೈ ತಿಂಗಳಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿತು. ಲಕ್ಷಾಂತರ ರೂಪಾಯಿ ಗಳಿಸಿದವರ ವೀಡಿಯೋಗಳು ದೇಶವನ್ನೆಲ್ಲ ಸುತ್ತಿದವು. ಅವುಗಳನ್ನು ನೋಡಿದವರೆಲ್ಲ ಒಂದೇ ಹೊತ್ತಿಗೆ ಸಸಿಗಾಗಿ ಓಡಿದರೆ ಕೊಯ್ಲೂ ಒಂದೇ ಹೊತ್ತಿಗೆ ಬರುತ್ತದೆ. ಸೆಪ್ಟೆಂಬರ್ ವೇಳೆಗೆ ಧಾರಣೆ ನೆಲ ಕಚ್ಚಿತ್ತು. ಅಂಚೆ ಕಾರ್ಡಿನ ಕಾಲದಲ್ಲಿಯೂ ಹೀಗೆ ಏರಿಳಿತಗಳಿದ್ದವು. ಆದರೆ ಅಂದು ಒಂದು ಊರು ದುಡುಕಿದರೆ ಇನ್ನೊಂದು ಊರಿಗೆ ಸುದ್ದಿಯೇ ಹೋಗುತ್ತಿರಲಿಲ್ಲ. ಈಗ ಮೂರು ರಾಜ್ಯಗಳು ಒಂದೇ ವಾರದಲ್ಲಿ ದುಡುಕುತ್ತವೆ.

ನೆಡುವ ಮೊದಲು ವಿಚಾರಿಸಬೇಕಾದ ಸ್ಥಳ ಸಸಿಗಳ ನರ್ಸರಿ. ಮುಂಗಡ ಎಷ್ಟು ಬಂದಿದೆ, ಸಸಿಗೆ ಎಷ್ಟು ದಿನ ಕಾಯಬೇಕು ಎಂದು ನಾಲ್ಕು ನರ್ಸರಿಗಳಲ್ಲಿ ಕೇಳಿದರೆ ಎರಡೂವರೆ ತಿಂಗಳ ನಂತರದ ಆವಕ ಅಂದಾಜಿಗೆ ಸಿಗುತ್ತದೆ. ಹಿಂದಿನ ವರ್ಷಗಳ ಅದೇ ತಿಂಗಳ ಧಾರಣೆ, ಆವಕಗಳನ್ನು ರಾಜ್ಯ ಕೃಷಿ ಮಾರಾಟ ಮಂಡಳಿಯ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಕನ್ನಡದಲ್ಲೇ ನೋಡಬಹುದು.

ರೋಗದ ಚಿತ್ರ ಕಳುಹಿಸುವಾಗ

ಸೊರಗಿದ ಗಿಡದ ಚಿತ್ರವನ್ನು ಗುಂಪಿಗೆ ಹಾಕಿದರೆ ಹತ್ತು ನಿಮಿಷದಲ್ಲಿ ಐದು ಔಷಧಿಗಳ ಹೆಸರು ಬರುತ್ತವೆ. ಹೇಳಿದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಟೊಮೆಟೊ ಗಿಡ ಸೊರಗಲು ದುಂಡಾಣು ಕಾರಣವಿರಬಹುದು, ಶಿಲೀಂಧ್ರವಿರಬಹುದು, ಬೇರುಗಂಟು ಜಂತುಹುಳುವಿರಬಹುದು, ಬುಡದಲ್ಲಿ ನೀರು ನಿಂತದ್ದೂ ಇರಬಹುದು. ಚಿತ್ರದಲ್ಲಿ ಇವೆಲ್ಲವೂ ಒಂದೇ ರೀತಿ ಕಾಣುತ್ತವೆ. ಇದಕ್ಕೆ ಹೊಲದಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಸೊರಗಿದ ಗಿಡದ ಕಾಂಡವನ್ನು ಬುಡದ ಹತ್ತಿರ ಓರೆಯಾಗಿ ಕತ್ತರಿಸಿ, ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಅಲುಗಾಡಿಸದೆ ಹಿಡಿಯಬೇಕು. ಕೆಲವು ನಿಮಿಷಗಳಲ್ಲಿ ಹಾಲಿನಂತಹ ಬಿಳಿ ಎಳೆ ಇಳಿಯತೊಡಗಿದರೆ ಅದು ದುಂಡಾಣು ಸೊರಗು ರೋಗ. ಇದಕ್ಕೆ ಶಿಲೀಂಧ್ರನಾಶಕ ಸುರಿದು ಪ್ರಯೋಜನವಿಲ್ಲ. ಎಳೆ ಕಾಣದೆ ಕಾಂಡದ ಒಳಭಾಗ ಕಂದಾಗಿದ್ದರೆ ಶಿಲೀಂಧ್ರದ ಸೊರಗು ಇರಬಹುದು. ಬೇರಿನಲ್ಲಿ ಗಂಟುಗಳಿದ್ದರೆ ಜಂತುಹುಳು.

ಎಲೆ ಮುಟುರಿಗೂ ಇದೇ ಮಾತು. ಬಿಳಿನೊಣ ತರುವ ನಂಜುರೋಗವೂ, ಪಕ್ಕದ ಹೊಲದಲ್ಲಿ ಸಿಂಪಡಿಸಿದ ಕಳೆನಾಶಕದ ಗಾಳಿಯೂ ಎಲೆಯನ್ನು ಮುದುಡಿಸುತ್ತವೆ. ನಂಜು ತಗಲಿದ ಗಿಡವನ್ನು ಯಾವ ಸಿಂಪರಣೆಯೂ ಗುಣಪಡಿಸದು. ಆ ಗಿಡವನ್ನು ಕಿತ್ತು ಸುಟ್ಟು, ಉಳಿದವುಗಳಲ್ಲಿ ಬಿಳಿನೊಣವನ್ನು ಹತೋಟಿಯಲ್ಲಿಡಬೇಕು.

ತಜ್ಞರಿಗೆ ಚಿತ್ರ ಕಳುಹಿಸುವುದಾದರೆ ಒಂದೇ ಎಲೆಯದು ಸಾಲದು. ಇಡೀ ಗಿಡ, ಎಲೆಯ ಕೆಳಮೈ, ಕಿತ್ತು ತೊಳೆದ ಬೇರು, ರೋಗ ಸಾಲಿನಲ್ಲಿ ಹರಡಿದೆಯೋ ಅಲ್ಲಲ್ಲಿ ಇದೆಯೋ ತೋರುವ ಹೊಲದ ನೋಟ, ಇಷ್ಟನ್ನು ಬಿಸಿಲಿನ ಬೆಳಕಿನಲ್ಲಿ ತೆಗೆಯಬೇಕು. ತಳಿ, ನಾಟಿಯ ದಿನ, ಹಿಂದಿನ ಬೆಳೆ, ಕಳೆದ ಹದಿನೈದು ದಿನಗಳಲ್ಲಿ ಸಿಂಪಡಿಸಿದ ಔಷಧಿಗಳ ಹೆಸರುಗಳನ್ನು ಜೊತೆಯಲ್ಲಿ ಹೇಳಬೇಕು. ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಗಿಡವನ್ನೇ ಬೇರುಸಹಿತ ಒಯ್ದರೆ ಇನ್ನೂ ಒಳ್ಳೆಯದು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ ವಿಚಾರಿಸಬಹುದು. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಅಲ್ಲಿ ಮೊದಲು ಕೇಳುವುದೂ ಬೆಳೆಯ ವಯಸ್ಸು ಮುಂತಾದ ಇವೇ ವಿವರಗಳನ್ನು. ಆದುದರಿಂದ ಕರೆ ಮಾಡುವ ಮುನ್ನ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿರುವುದು ಅನುಕೂಲ.

ಮೊಬೈಲಿನಲ್ಲೇ ಮಾಲು ಕೊಳ್ಳುತ್ತೇವೆ, ಮುಂಗಡ ಕಳುಹಿಸುತ್ತೇವೆ ಎಂದು ಅಪರಿಚಿತರು ಚೌಕಳಿ ಗುರುತಿನ ಚಿತ್ರವನ್ನು ಕಳುಹಿಸಿ ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಲು ಹೇಳುವುದುಂಟು. ಹಣ ಕೊಡುವವರಿಗೆ ಪಿನ್ ಬೇಕೇ ಹೊರತು ಪಡೆಯುವವರಿಗೆ ಬೇಡ. ಪಿನ್ ಒತ್ತಿ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930 ಸಂಖ್ಯೆಗೆ ದೂರು ಕೊಡಬೇಕು. ಹಣ ಹೋದ ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಅದನ್ನು ದಾರಿಯಲ್ಲೇ ತಡೆಯುವ ಸಂಭವ ಹೆಚ್ಚು.